ಹತ್ತು ಓಟದ ಪ್ರೇಮಲತಾ ಸಿಸ್ಟರ್

ಪ್ರೇಮಲತಾ ಸಿಸ್ಟರ್ ಇಂಜಿನ್ನಿಗೂ ಕೇಸ್ ಪೇಪರ್ ಬರೆಯುತ್ತಿದ್ದರು. ಮಾದರಿ ವಿಮಾನದ ಇಂಜಿನ್ನು, ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟದು. ಅದಕ್ಕೊಂದು ರಟ್ಟು, ರಟ್ಟಿಗೊಂದು ಕ್ಲಿಪ್ಪು, ಕ್ಲಿಪ್ಪಿನಡಿ ಗೆರೆ ಎಳೆದ ಹಾಳೆ. ಮೇಲೆ ಮಾಲೀಕನ ಹೆಸರು, ಊರು, ದಾಖಲಾದ ದಿನ, ಬಂದ ತೊಂದರೆ. ಕೆಳಗೆ ಒಂದೊಂದು ಸಲ ಓಡಿಸಿದಾಗಲೂ ಎಷ್ಟು ನಿಮಿಷ ಓಡಿತು, ಎಷ್ಟು ಕಾದಿತು, ದನಿ ಹೇಗಿತ್ತು ಎಂಬ ವಿವರ. ಮೊದಲ ಸಲ ಆ ಹಾಳೆಯನ್ನು ಕಂಡಾಗ ನಾನು ನಕ್ಕೆ. ಸಿಸ್ಟರ್ ನನ್ನ ಮುಖವನ್ನೇ ನೋಡಿ, "ನಿಮಗ ಜ್ವರ ಬಂದಾಗ ನಾವು ಹಾಳಿ ಬರದ್ರ ಹಿಂಗೇ ನಗ್ತೀರೇನ್ರಿ?" ಎಂದರು. ನಗು ಅರ್ಧಕ್ಕೇ ನಿಂತಿತು. ಅವರೆದುರು ನನ್ನ ನಗು ಹಾಗೆ ಅರ್ಧಕ್ಕೆ ನಿಂತದ್ದು ಅದೇ ಕೊನೆಯಲ್ಲ.

ನಾನು ಔರಾದಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕ. ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ. ಬೀದರ ಕಡೆಯವರಿಗೆ ತಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನ ಸುತ್ತುವುದು ಹೊಸದೇನಲ್ಲ, ಯಾರೂ ತಲೆ ಎತ್ತಿ ನೋಡುವುದೂ ಇಲ್ಲ. ನನಗೆ ಮಾತ್ರ ಆ ಸದ್ದು ಕೇಳಿದರೆ ಪಾಠ ಮುಂದೆ ಹೋಗುತ್ತಿರಲಿಲ್ಲ. ಮೂವತ್ತೈದು ದಾಟಿದ ಮೇಲೆ ಹುಚ್ಚು ಹತ್ತಿ, ಹೈದರಾಬಾದಿನಿಂದ ಒಂದು ಫೋರ್ ಸ್ಟ್ರೋಕ್ ಇಂಜಿನ್ ತರಿಸಿದೆ. ಸಣ್ಣ ವಿಮಾನಗಳಿಗೆ ಸಾಮಾನ್ಯವಾಗಿ ಹಾಕುವ ಇಂಜಿನ್ನು ಸೊಳ್ಳೆಯ ಹಾಗೆ ಕಿರಿಚುತ್ತದೆ. ಫೋರ್ ಸ್ಟ್ರೋಕಿನದು ಹಾಗಲ್ಲ, ದೊಡ್ಡ ವಿಮಾನದ ಗಂಭೀರ ದನಿ. ಆ ದನಿಯ ಆಸೆಗೇ ತರಿಸಿದ್ದು. ಅದು ನನ್ನ ಮನೆಯಲ್ಲಿ ಮೂರು ವಾರ ಒಂದು ಮಾತೂ ಆಡಲಿಲ್ಲ.

ಭಾಲ್ಕಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯ ವೀರಶೆಟ್ಟಿಗೂ ಇದೇ ಹುಚ್ಚು. ಅವನೇ ಹೇಳಿದ್ದು, "ಬೀದರದಾಗ ಚಿದ್ರಿಗಿ ಹೋಗು. ಅಲ್ಲಿ ಒಬ್ರು ಸಿಸ್ಟರ್ ಅದಾರ. ಬೈತಾರ. ಬೈಸ್ಕೊ." ನಾನು ಒಬ್ಬ ಮೆಕ್ಯಾನಿಕ್ಕನನ್ನು ನಿರೀಕ್ಷಿಸಿ ಹೋದೆ. ಬಾಗಿಲು ತೆರೆದದ್ದು ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದ, ಕನ್ನಡಕ ಹಾಕಿದ, ಐವತ್ತರ ಆಸುಪಾಸಿನ ಹೆಂಗಸು. ಎದೆಯ ಮೇಲೆ ಪಿನ್ನಿಗೆ ಸಿಕ್ಕಿಸಿದ ಗಡಿಯಾರ ಇನ್ನೂ ಹಾಗೇ ಇತ್ತು. ನಾನು ಡಬ್ಬಿ ತೆರೆಯುತ್ತಿದ್ದಂತೆ, "ತಡೀರಿ, ಕೈ ತೊಳ್ಕೊಂಡು ಬರ್ತೇನಿ" ಎಂದು ಒಳಗೆ ಹೋದರು. ಇಂಜಿನ್ ಮುಟ್ಟಿದ ಮೇಲೆ ಕೈ ತೊಳೆಯುವವರನ್ನು ನೋಡಿದ್ದೆ. ಮುಟ್ಟುವ ಮೊದಲು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವವರನ್ನು ನೋಡಿದ್ದು ಅದೇ ಮೊದಲು.

ಬೀದರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವರು ಸ್ಟಾಫ್ ನರ್ಸ್, ಮಕ್ಕಳ ವಾರ್ಡಿನಲ್ಲಿ. ಮಿಷನ್ ಆಸ್ಪತ್ರೆಗಳ ಕಾಲದಿಂದ ನರ್ಸುಗಳನ್ನೇ ಕೊಟ್ಟ ಮನೆತನ, ಅಮ್ಮನೂ ನರ್ಸು, ಚಿಕ್ಕಮ್ಮನೂ ನರ್ಸು. ಗಂಡ ಸುಂದರರಾವ್ ಚಿದ್ರಿಯಲ್ಲೇ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದರು, ಮಾತು ಬಲು ಕಡಿಮೆ. ಇಂಜಿನ್ ಈ ಮನೆಗೆ ಬಂದದ್ದು ಹೇಗೆ ಎಂದು ಒಮ್ಮೆ ಕೇಳಿದ್ದೆ. ಪಕ್ಕದ ಓಣಿಯಲ್ಲಿ ನಿವೃತ್ತ ವಿಮಾನ ಮೆಕ್ಯಾನಿಕ್ ಒಬ್ಬರಿದ್ದರಂತೆ. ಲಕ್ವ ಹೊಡೆದು ಎರಡೂ ಕೈ ಬಿದ್ದು ಹೋದವು. ಒಂದು ವರ್ಷ ಅವರಿಗೆ ಇಂಜೆಕ್ಷನ್ ಕೊಡಲು, ಮೈ ಒರೆಸಲು ಸಿಸ್ಟರ್ ಹೋಗುತ್ತಿದ್ದರು. ಅವರ ಮೇಜಿನ ಮೇಲೆ ಅರ್ಧ ಜೋಡಿಸಿದ ಇಂಜಿನ್ ಬಿದ್ದಿತ್ತು. "ಅವ್ರು ಬಾಯಿಲೆ ಹೇಳ್ತಿದ್ರು, ನಾ ಕೈಲೆ ಮಾಡ್ತಿದ್ದೆ. ಅದು ಹತ್ತಿ ಓಡಿದ ದಿನ ಅವ್ರು ಭಾಳ ಅತ್ತರು" ಎಂದರು. ಅವರು ತೀರಿಕೊಂಡ ಮೇಲೆ ಮನೆಯವರು ಪಾನಾ, ಸ್ಕ್ರೂ ಡ್ರೈವರುಗಳ ಹತ್ಯಾರದ ಪೆಟ್ಟಿಗೆಯನ್ನು ಸಿಸ್ಟರ್ ಅವರಿಗೇ ಕೊಟ್ಟರು.

ಹಿತ್ತಲಿನಲ್ಲಿ ಹಳೆಯ ಹೊಲಿಗೆ ಯಂತ್ರದ ಕಾಲುಗಳ ಮೇಲೆ ದಪ್ಪ ಹಲಗೆ ಕೂರಿಸಿ, ಇಂಜಿನ್ ಕಟ್ಟಲು ಜಾಗ ಮಾಡಿದ್ದರು. ಇಂಧನಕ್ಕೆ ಔಡಲೆಣ್ಣೆ ಬೆರೆಸುತ್ತಿದ್ದರಿಂದ ಆ ಹಿತ್ತಲಿನ ತುಂಬ ಸುಟ್ಟ ಔಡಲೆಣ್ಣೆಯ ವಾಸನೆ. ನನ್ನ ಇಂಜಿನ್ನನ್ನು ಅಲ್ಲಿ ಕಟ್ಟಿದರು. ನಾನು ಸರಿಯಾಗಿ ನೋಡೋಣವೆಂದು ಪ್ರೊಪೆಲ್ಲರಿನ ಪಕ್ಕಕ್ಕೆ ಬಂದು ಬಗ್ಗಿದೆ. ಸಿಸ್ಟರ್ ಭುಜ ಹಿಡಿದು ನನ್ನನ್ನು ಎಷ್ಟು ಜೋರಾಗಿ ನೂಕಿದರೆಂದರೆ ನಾನು ತುಳಸಿ ನೆಟ್ಟ ಡಬ್ಬಿಯ ಮೇಲೆ ಹೋಗಿ ಬಿದ್ದೆ.

"ಪಂಖಾದ ಸಾಲಿಗಿ ಎಂದೂ ನಿಂದ್ರಬ್ಯಾಡ್ರಿ. ಹಿಂದ ನಿಂದ್ರಬೇಕು. ಹೇಳಿ ತಿಳಿಸ್ಲಿಕ್ಕ ಟೈಮ್ ಇರಲಿಲ್ಲ, ಅದಕ್ಕ ನೂಕಿದೆ" ಎಂದರು. ಏಳಲು ಕೈ ಕೊಡಲಿಲ್ಲ, ಡಬ್ಬಿಯನ್ನು ಎತ್ತಿ ನೆಟ್ಟಗೆ ಇಟ್ಟರು.

ಮೂರು ವಾರ ಮೂಕಾಗಿದ್ದ ಇಂಜಿನ್ನನ್ನು ಮಾತಾಡಿಸಲು ಅವರಿಗೆ ಇಪ್ಪತ್ತು ನಿಮಿಷ ಸಾಕಾಯಿತು. ತಲೆಯ ಮುಚ್ಚಳ ತೆಗೆದು, ಕೂದಲಿಗಿಂತ ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ವಾಲ್ವಿನ ಸಂದಿಗೆ ತೂರಿಸಿ ನೋಡಿದರು. ಪಟ್ಟಿ ಹೋಗಲಿಲ್ಲ. ಸಂದಿಯೇ ಇರಲಿಲ್ಲ, ವಾಲ್ವು ಪೂರಾ ಮುಚ್ಚುತ್ತಿರಲಿಲ್ಲ. "ಬಾಯಿ ತಕ್ಕೊಂಡೇ ಮಲಗ್ಯದ, ಹ್ಯಾಂಗ ಉಸಿರು ಹಿಡೀತದ?" ಎಂದು ಸಣ್ಣ ತಿರುಪನ್ನು ಕಾಲು ಸುತ್ತು ಸಡಿಲಿಸಿದರು. ರಬ್ಬರ್ ಸುತ್ತಿದ ಕೋಲಿನಿಂದ ಪ್ರೊಪೆಲ್ಲರನ್ನು ಒಂದೇ ಸಲ ತಟ್ಟಿದರು. ಇಂಜಿನ್ ಹತ್ತಿತು. ಟಪ್ ಟಪ್ ಟಪ್ ಎಂದು ಮೆಲ್ಲಗೆ, ತೇಗಿದ ಹಾಗೆ, ಬಾಯಿಂದ ಕಪ್ಪು ಎಣ್ಣೆ ಸುರಿಸುತ್ತಾ. ಮೂರು ನಿಮಿಷಕ್ಕೆ ಇಂಧನದ ನಳಿಗೆಯನ್ನು ಎರಡು ಬೆರಳಲ್ಲಿ ಚಿವುಟಿ ನಿಲ್ಲಿಸಿಬಿಟ್ಟರು. ಫುಲ್ ಸ್ಪೀಡ್ ಬಿಡಿ, ನೋಡೋಣ ಎಂದು ನಾನು ಅಂಗಲಾಚಿದೆ.

"ಹೆರಿಗಿ ಆದ ಮರುದಿನಾನೇ ಓಡು ಅಂತೀರೇನ್ರಿ?" ಎಂದರು.

ಹತ್ತು ಓಟ ಅವರ ನಿಯಮ. ಹೊಸ ಇಂಜಿನ್ನಿನ ಒಳಗಿನ ಭಾಗಗಳು ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ. ಬಿಗಿಯಿದ್ದಾಗಲೇ ಜೋರು ಓಡಿಸಿದರೆ ಕಾದು, ಉಸಿರುಗಟ್ಟಿ, ಒಳಗೆ ಗೀರು ಬೀಳುತ್ತದೆ. ಆದ್ದರಿಂದ ಎಣ್ಣೆ ಜಾಸ್ತಿ ಕುಡಿಸಿ, ನಿಧಾನವಾಗಿ ಮೂರು ನಿಮಿಷ ಓಡಿಸುವುದು, ಪೂರ್ತಿ ತಣ್ಣಗಾಗುವವರೆಗೆ ಬಿಡುವುದು, ನಟ್ಟು ಬಿಗಿ ಮಾಡುವುದು, ವಾಲ್ವಿನ ಸಂದಿ ನೋಡುವುದು, ಮತ್ತೆ ಓಡಿಸುವುದು. ಪ್ರತಿ ಓಟಕ್ಕೂ ಸ್ವಲ್ಪ ಸ್ವಲ್ಪ ಬಿರುಸು. ಡ್ಯೂಟಿ ಇಲ್ಲದ ದಿನ ಮಾತ್ರ, ಅದೂ ದಿನಕ್ಕೆ ಒಂದೋ ಎರಡೋ. ಹತ್ತು ಮುಗಿಯದೆ ಡಿಸ್ಚಾರ್ಜ್ ಇಲ್ಲ. ಓಡಿಸಿದ ದಿನ ಸಂಜೆ ಒಳಗೆ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು ಕೈಯಿಂದ ತಿರುಗಿಸುತ್ತಿದ್ದರು, ಇಲ್ಲದಿದ್ದರೆ ಬೆಳಗಾಗುವುದರೊಳಗೆ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ ಎಂದು.

ವೀರಶೆಟ್ಟಿಯ ಇಂಜಿನ್ನು ಒಂದು ಸಲ ದಾಖಲಾಗಿತ್ತು. ನೆಲದ ಮೇಲೆ ಚೆನ್ನಾಗಿ ಓಡುತ್ತಿತ್ತು, ವಿಮಾನ ಮೂತಿ ಮೇಲೆತ್ತಿದ ಕೂಡಲೇ ನಿಲ್ಲುತ್ತಿತ್ತು. ಅವನು ಮೂರು ಪ್ಲಗ್ ಬದಲಾಯಿಸಿ, ತಲೆ ಬಿಚ್ಚಿ, ಕಾರ್ಬೊರೇಟರ್ ತೊಳೆದು, ಕೊನೆಗೆ ಅಳುಮೋರೆ ಹಾಕಿಕೊಂಡು ಬಂದಿದ್ದ. ಸಿಸ್ಟರ್ ಇಂಜಿನ್ ಮುಟ್ಟಲೇ ಇಲ್ಲ. ಟ್ಯಾಂಕಿನಿಂದ ಬರುವ ರಬ್ಬರ್ ನಳಿಗೆ ಕಿತ್ತು, ಒಂದು ತುದಿ ಮುಚ್ಚಿ, ಬೋಗುಣಿ ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಊದಿದರು. ನಡುವೆ ಎಲ್ಲಿಂದಲೋ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಕಣ್ಣಿಗೆ ಕಾಣದ ತೂತು, ಅದರೊಳಗಿಂದ ಗಾಳಿ ಸೇರುತ್ತಿತ್ತು.

"ತಲಿ ಬ್ಯಾನಿ ಅಂತ ಬಂದವ್ರಿಗೆಲ್ಲ ತಲಿ ಕೊಯ್ತೀವೇನ್ರಿ ಶೆಟ್ಟರ? ಮೊದಲ ಹೊಟ್ಟಿಗಿ ಏನ್ ಹೋಗ್ಲಾಕತ್ತದ ನೋಡ್ಬೇಕು."

ವೀರಶೆಟ್ಟಿ ಮೂರು ಪ್ಲಗ್ಗುಗಳನ್ನು ನೋಡುತ್ತಾ ನಿಂತ. ನಾನು ಅವನನ್ನು ಛೇಡಿಸಬೇಕೆಂದಿದ್ದೆ, ಆದರೆ ಅವರ ಹಿತ್ತಲಿನಲ್ಲಿ ಛೇಡಿಸಲು ಧೈರ್ಯವಾಗಲಿಲ್ಲ.

ಆ ಕೈಗಳನ್ನು ಆಸ್ಪತ್ರೆಯಲ್ಲೂ ಒಮ್ಮೆ ನೋಡಿದೆ. ನನ್ನ ನಾದಿನಿಯ ಎಂಟು ತಿಂಗಳ ಕೂಸು ವಾಂತಿಭೇದಿಯಾಗಿ ಸೊರಗಿಹೋಗಿತ್ತು. ಸಲೈನ್ ಏರಿಸಲು ಇಬ್ಬರು ನರ್ಸುಗಳು, ಒಬ್ಬ ಡಾಕ್ಟರು ಎರಡೂ ಕೈ, ಎರಡೂ ಕಾಲು ಚುಚ್ಚಿ ನೋಡಿದರೂ ನರ ಸಿಗಲಿಲ್ಲ. ಕೂಸು ಅಳುವುದನ್ನೂ ಬಿಟ್ಟಿತ್ತು. "ಪ್ರೇಮಲತಾನ್ನ ಕರೀರಿ" ಎಂದರು ಡಾಕ್ಟರು. ಸಿಸ್ಟರ್ ಬಂದು, ನನ್ನನ್ನು ಗುರುತೇ ಇಲ್ಲದವರಂತೆ ದಾಟಿ, ಕೂಸಿನ ಪಾದ ಹಿಡಿದರು. ಎಡಗೈ ಬೆರಳು ನಿಧಾನವಾಗಿ ಹುಡುಕಿತು. ಬಲಗೈ ಸೂಜಿ ಹಿಡಿದು ಸುಮ್ಮನೆ ಕಾಯಿತು. ಎಡಗೈ ನಿಂತಿತು. ಬಲಗೈ ಹೋಗಿದ್ದು ನನಗೆ ಕಾಣಲೇ ಇಲ್ಲ, ಅಷ್ಟು ಹಗುರ. ಸೂಜಿಯ ಹಿಂದಿನ ಪುಟ್ಟ ಗಾಜಿನಲ್ಲಿ ಕೆಂಪು ಕಂಡಿತು, ನರ ಸಿಕ್ಕಿತ್ತು. ನಾದಿನಿ ಅವರ ಕಾಲು ಹಿಡಿಯಲು ಹೋದಳು. "ನನ್ನ ಕಾಲು ಬಿಡವ್ವ, ಕೂಸಿನ ಕಾಲು ಹಿಡ್ಕೊ, ಜಗ್ಗೀತು" ಎಂದು ಹೊರಟುಹೋದರು.

ಇಷ್ಟೆಲ್ಲ ನೋಡಿದ ಮೇಲೂ ನಾನು ಮಾಡಿದ್ದನ್ನು ಈಗ ಹೇಳಬೇಕು.

ಭಾಲ್ಕಿಯಲ್ಲಿ ಶಾಲೆಗಳ ವಿಜ್ಞಾನ ಮೇಳವಿತ್ತು. ಆ ಇಂಜಿನ್ ಕೂರಿಸಿ ನನ್ನ ಮಾದರಿ ವಿಮಾನ ಹಾರಿಸುತ್ತೇನೆ ಎಂದು ಬಾಯಿ ತುಂಬ ಹೇಳಿಬಿಟ್ಟಿದ್ದೆ. ಔರಾದಿನ ನನ್ನ ಹೆಡ್ ಮಾಸ್ತರರು ಠಾಣಾ ಕುಶನೂರಿನವರೆಗೆ ಸುದ್ದಿ ಹಬ್ಬಿಸಿದ್ದರು. ಮೇಳಕ್ಕೆ ಎರಡು ದಿನ ಉಳಿದಿದ್ದಾಗ ನನ್ನ ಇಂಜಿನ್ನಿನ ಹಾಳೆಯಲ್ಲಿ ನಾಲ್ಕೇ ಓಟ ತುಂಬಿತ್ತು. ಸಿಸ್ಟರ್ ಅವರಿಗೆ ಆ ತಿಂಗಳು ಬಿಡುವೇ ಸಿಕ್ಕಿರಲಿಲ್ಲ. ನಾನು ಹೋಗಿ ಇಂಜಿನ್ ಕೇಳಿದೆ. ಆಗುವುದಿಲ್ಲ ಎಂದರು. ನನ್ನದು, ಕೊಡಿ ಎಂದೆ. ದನಿ ಏರಿಸಿದೆ ಎಂದೂ ಕಾಣುತ್ತದೆ.

ಅವರು ಜಗಳ ಮಾಡಲಿಲ್ಲ. ರಟ್ಟು ತಂದು ನನ್ನ ಮುಂದೆ ಇಟ್ಟರು. ನಾಲ್ಕನೆಯ ಗೆರೆಯ ಕೆಳಗೆ ಬರೆದರು, 'ಸಲಹೆ ಮೀರಿ ಒಯ್ಯುತ್ತಿದ್ದಾರೆ.' "ಸಹಿ ಮಾಡ್ರಿ. ದವಾಖಾನಿದಾಗೂ ಹಿಂಗೇ ಮಾಡ್ತೇವಿ. ಮಂದಿ ಮಗನ್ನ ಅರ್ಧಕ್ಕೇ ಮನಿಗಿ ಒಯ್ತಾರ್ರಿ, ನಾವು ತಡೀಲಿಕ್ಕ ಆಗಂಗಿಲ್ಲ. ಸಹಿ ಅಷ್ಟು ತೊಗೋತೇವಿ." ನನ್ನ ಕಿವಿ ಬಿಸಿಯಾದವು. ಆದರೂ ಸಹಿ ಹಾಕಿದೆ. ಬಸ್ಸಿನಲ್ಲಿ ಇಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು, ಒಬ್ಬ ನರ್ಸಿನಿಂದ ನಾನು ಇಷ್ಟೆಲ್ಲ ಹೇಳಿಸಿಕೊಳ್ಳಬೇಕೇ ಎಂದು ಔರಾದಿನವರೆಗೆ ಕುದಿಯುತ್ತಾ ಹೋದೆ.

ಭಾನುವಾರ ಬೆಳಿಗ್ಗೆ ಭಾಲ್ಕಿಯ ಹೊರಗೆ, ಸೋಯಾ ಕೊಯ್ದು ಖಾಲಿಯಾದ ಹೊಲದಲ್ಲಿ ಜನ ನೆರೆದಿದ್ದರು. ಬಸ್ಸಿಳಿದು ಬದುವಿನ ಮೇಲೆ ನಡೆದುಬರುತ್ತಿದ್ದ ಪ್ರೇಮಲತಾ ಸಿಸ್ಟರ್ ಅವರನ್ನು ಕಂಡು ನಾನು ಬೆರಗಾದೆ. ಆ ತಿಂಗಳು ಸಿಕ್ಕ ಮೊದಲ ರಜೆ, ಅದೂ ಚರ್ಚಿಗೆ ಹೋಗುವ ದಿನ. ಯಾಕೆ ಬಂದಿರಿ ಎಂದೆ. "ಪೇಷಂಟ್ ನಂದಲ್ಲೇನ್ರಿ?" ಎಂದರು.

ವಿಮಾನದ ಬಾಲಕ್ಕೆ ಹಗ್ಗ ಕಟ್ಟಿ ಕಬ್ಬಿಣದ ಗೂಟಕ್ಕೆ ಬಿಗಿದಿದ್ದೆ. ಬಿಗಿದಿದ್ದೆ ಎಂಬುದೂ ಸುಳ್ಳೇ, ಗಡಿಬಿಡಿಯಲ್ಲಿ ಹಗ್ಗವನ್ನು ಒಂದು ಮೊಳ ಸಡಿಲ ಬಿಟ್ಟಿದ್ದೆ. ಇಂಜಿನ್ ಹತ್ತಿತು. ಜನ ಚಪ್ಪಾಳೆ ತಟ್ಟಿದರು. ನಾನು ದನಿ ಇನ್ನೂ ಜೋರಾಗಲೆಂದು ಇಂಧನದ ತಿರುಪನ್ನು ಒಳಕ್ಕೆ ತಿರುಗಿಸಿ, ಎಣ್ಣೆ ಕಡಿಮೆ ಮಾಡಿದೆ. ಅರ್ಧ ನಿಮಿಷ ಭರ್ಜರಿಯಾಗಿ ಓಡಿತು. ಆಮೇಲೆ ದನಿ ಬತ್ತತೊಡಗಿತು. ಕಾದಿತ್ತು, ಉಸಿರುಗಟ್ಟುತ್ತಿತ್ತು. ನಾಲ್ಕೇ ಓಟದ ಇಂಜಿನ್ನು ಹಾಗೇ ಮಾಡುತ್ತದೆ ಎಂದು ಅವರು ನನಗೆ ನೂರು ಸಲ ಹೇಳಿದ್ದರು.

ಸಿಸ್ಟರ್ ಪ್ರೊಪೆಲ್ಲರಿನ ಹಿಂದೆ ಸರಿಯಾದ ಜಾಗದಲ್ಲೇ ಕುಕ್ಕರುಗಾಲಲ್ಲಿ ಕೂತು, ಇಂಧನದ ನಳಿಗೆ ಚಿವುಟಲು ಬಲಗೈ ಚಾಚಿದರು. "ಗ್ಯಾಸ್ ಕೊಡಬ್ಯಾಡ್ರಿ ಮಾಸ್ತರ, ಬಂದ್ ಮಾಡ್ತೇನಿ" ಎಂದರು. ನನಗೆ ಕೇಳಿಸಿತು. ಆಮೇಲೆ ಎಷ್ಟೋ ಜನರ ಮುಂದೆ ನನಗೆ ಕೇಳಿಸಲಿಲ್ಲ ಎಂದು ಹೇಳಿದ್ದೇನೆ. ಕೇಳಿಸಿತ್ತು. ಅಷ್ಟು ಜನರ ಮುಂದೆ ಇಂಜಿನ್ ಸಾಯಬಾರದೆಂದು ಕೈಯಲ್ಲಿದ್ದ ರಿಮೋಟಿನ, ವೇಗ ಏರಿಸುವ ಗ್ಯಾಸ್ ಕಡ್ಡಿಯನ್ನು ಪೂರ್ತಿ ಮುಂದಕ್ಕೆ ನೂಕಿದೆ.

ಇಂಜಿನ್ ಒಮ್ಮೆ ಗರ್ಜಿಸಿತು. ವಿಮಾನ ಮುಂದಕ್ಕೆ ಹಾರಿತು, ಸಡಿಲ ಹಗ್ಗ ಬಾಲವನ್ನು ಥಟ್ಟನೆ ಹಿಡಿದೆಳೆಯಿತು, ಮೂತಿ ಸಿಸ್ಟರ್ ಕೂತ ಕಡೆಗೆ ತಿರುಗಿತು. ಒಣ ಕಟ್ಟಿಗೆ ಮುರಿದ ಸದ್ದು. ಪ್ರೊಪೆಲ್ಲರ್ ಮುರಿದಿದೆ ಎಂದುಕೊಂಡೆ. ಸಿಸ್ಟರ್ ಕಿರುಚಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ತಲೆಯ ಮೇಲಕ್ಕೆ ಎತ್ತಿ, "ಸ್ವಚ್ಛ ಅರಿವಿ-ಬಟ್ಟಿ ಕೊಡ್ರಿ ಯಾರರ" ಎಂದರು. ಬೆರಳುಗಳಿಂದ ಇಳಿದ ರಕ್ತ ಮೊಣಕೈಯಿಂದ ಸುರಿಯುತ್ತಿತ್ತು. ನಾನು ರಿಮೋಟ್ ಹಿಡಿದುಕೊಂಡು ನಿಂತೇ ಇದ್ದೆ. ವೀರಶೆಟ್ಟಿ ಅವರನ್ನು ಕಾರಿಗೆ ಹತ್ತಿಸಿದ. ದಾರಿಯುದ್ದಕ್ಕೂ ಯಾವ ಕಡೆ ಒತ್ತಬೇಕು, ಎಷ್ಟು ಬಿಗಿಯಬೇಕು ಎಂದು ಅವರೇ ಅವನಿಗೆ ಹೇಳುತ್ತಿದ್ದರು.

ತೋರುಬೆರಳಿನ ಎರಡು ಗೆಣ್ಣು ಹೋದವು. ನಡುಬೆರಳನ್ನು ಹೊಲಿದು ಉಳಿಸಿದರು, ಆದರೆ ಅದು ಮಡಚಲೂ ಇಲ್ಲ, ಅದಕ್ಕೆ ಸ್ಪರ್ಶವೂ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ನೋಡಲು ಬಂದವರೆಲ್ಲ ಹೇಗಾಯಿತು ಎಂದು ಕೇಳುತ್ತಿದ್ದರು. ಏನೋ ಆಯಿತು, ನನ್ನದೇ ಎಡವಟ್ಟು ಎಂದು ಅವರು ಹೇಳಬಹುದು, ದೊಡ್ಡ ಮನಸ್ಸಿನವರು ಹಾಗೆ ಹೇಳುತ್ತಾರೆ ಎಂದು ನಾನು ಮಂಚದ ಪಕ್ಕ ತಲೆ ತಗ್ಗಿಸಿ ಕಾದೆ. ಸಿಸ್ಟರ್ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿದರು. "ಮಾಸ್ತರು ಗ್ಯಾಸ್ ಕೊಟ್ರು. ನಾ ಬ್ಯಾಡ ಅಂದಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ, ಜ್ವರದ ಅಂಕಿ ಓದಿದ ಹಾಗಿತ್ತು. ಬಂದವರು ನನ್ನ ಕಡೆ ನೋಡುತ್ತಿದ್ದರು. ನನಗೆ ಅಲ್ಲೇ ಭೂಮಿಗೆ ಇಳಿದುಹೋಗಬೇಕೆನಿಸುತ್ತಿತ್ತು.

ಹದಿನೈದು ದಿನ ಬಿಟ್ಟು ಚಿದ್ರಿಗೆ ಹೋದೆ. ಗೇಟು ತೆರೆದದ್ದು ಸುಂದರರಾವ್. ಬಯ್ಯುತ್ತಾರೆ ಎಂದುಕೊಂಡಿದ್ದೆ, "ಕೂಡ್ರಿ" ಎಂದಷ್ಟೇ ಹೇಳಿದರು. ಕಿಟಕಿಯ ಮೇಲೆ ನನ್ನ ಇಂಜಿನ್ ಇತ್ತು, ಒರೆಸಿ ಹೊಳಪಾಗಿ. ಘಟನೆಯ ಸಂಜೆ ವೀರಶೆಟ್ಟಿ ಅದನ್ನು ತಂದು ಈ ಮನೆಯಲ್ಲೇ ಇಟ್ಟು ಹೋಗಿದ್ದನಂತೆ. ಆಪರೇಶನ್ ಮುಗಿದು ಎಚ್ಚರವಾದ ಕೂಡಲೇ ಸಿಸ್ಟರ್ ಗಂಡನನ್ನು ಕರೆದು, ಅದಕ್ಕೆ ನಾಲ್ಕು ಹನಿ ಎಣ್ಣೆ ಬಿಡಿರಿ, ತುಕ್ಕು ಹಿಡೀತದ ಎಂದಿದ್ದರಂತೆ. ಸಿಸ್ಟರ್ ನನ್ನ ಮುಖ ನೋಡಿ, "ಅದರದೇನ್ ತಪ್ಪು ಅದ?" ಎಂದರು.

ಅವತ್ತೇ ಅವರ ಮುಂದಿರುವುದೇನು ಎಂದು ತಿಳಿಯಿತು. ಮೂರು ತಿಂಗಳ ರಜೆ. ರಜೆ ಮುಗಿದ ಸೋಮವಾರ ಆಸ್ಪತ್ರೆಯ ಮೇಟ್ರನ್ ಇವರ ಕೈ ಪರೀಕ್ಷಿಸುತ್ತಾರೆ. ಸೂಜಿ ಹಾಕಲು ಬಂದರೆ ಮಕ್ಕಳ ವಾರ್ಡು. ಬರದಿದ್ದರೆ ಸ್ಟೋರ್ ರೂಮು, ನಿವೃತ್ತಿಯವರೆಗೆ ಬೆಡ್‌ಶೀಟು ಎಣಿಸುವ ಕೆಲಸ. "ಸ್ಟೋರಿನಾಗ ನಾ ಬದುಕಂಗಿಲ್ರಿ" ಎಂದರು. ಅವರ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ.

ಎಡಗೈಯಲ್ಲಿ ಸೂಜಿ ಹಿಡಿಯುವುದನ್ನು ಅವರು ಅದಾಗಲೇ ಶುರು ಮಾಡಿದ್ದರು. ಮೊದಲು ರಬ್ಬರ್ ನಳಿಗೆಗೆ, ಆಮೇಲೆ ಟೊಮೆಟೋ ಹಣ್ಣಿಗೆ. ಇಷ್ಟು ವರ್ಷ ನರ ಹುಡುಕಿದ ಎಡಗೈ ಈಗ ಚುಚ್ಚುವುದನ್ನು ಕಲಿಯಬೇಕಿತ್ತು. ಹುಡುಕುವ ಕೆಲಸವನ್ನು ಬಲಗೈಯ ಉಂಗುರಬೆರಳಿಗೆ ಕಲಿಸಬೇಕಿತ್ತು. ನಾನು ಪ್ರತಿ ಭಾನುವಾರ ಹೋಗಿ ಒಂದು ಮೂಲೆಯಲ್ಲಿ ಕೂರುತ್ತಿದ್ದೆ. ಹಣ್ಣು ಒಯ್ದರೆ ವಾಪಸು ಕೊಡುತ್ತಿದ್ದರು. ಮಾತಿಲ್ಲ. ಬರಬೇಡಿ ಎಂದೂ ಅನ್ನುತ್ತಿರಲಿಲ್ಲ. ಕ್ಷಮಿಸುತ್ತಿದ್ದಾರೆ, ಮೆಲ್ಲಗೆ ಕ್ಷಮಿಸುತ್ತಿದ್ದಾರೆ ಎಂದು ನನ್ನ ಲೆಕ್ಕ.

ರಜೆಯ ಕೊನೆಯ ಭಾನುವಾರ ಹೋದಾಗ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸೀಲು ಒಡೆಯದ ಸೂಜಿಗಳನ್ನು ಸಾಲಾಗಿ ಇಟ್ಟಿದ್ದರು. ಸ್ಪಿರಿಟ್ಟು, ಹತ್ತಿ, ಕಟ್ಟಲು ರಬ್ಬರ್ ಪಟ್ಟಿ.

"ತೋಳು ಮ್ಯಾಲ ಮಾಡ್ರಿ ಮಾಸ್ತರ" ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಬೆನ್ನಿನಲ್ಲಿ ಬೆವರೊಡೆಯಿತು. ಇಂಜೆಕ್ಷನ್ ಎಂದರೆ ಮುಖ ತಿರುಗಿಸುವವನು ನಾನು.

"ಟೊಮಾಟಿಗಿ ಬ್ಯಾನಿ ಆಗಂಗಿಲ್ಲ, ಅದು ಕೈ ಜಗ್ಗಂಗಿಲ್ಲ. ನಾಳಿ ಕೂಸುಗಳಿಗಿ ಹಾಕಬೇಕು ನಾ. ಅವರ ಮ್ಯಾಲ ಕಲೀಲಿಕ್ಕ ಆಗಂಗಿಲ್ಲ. ಇವ್ರು ಕೈ ಕೊಡ್ತೇನಿ ಅಂದ್ರು, ನಾನೇ ಬ್ಯಾಡಂದೆ" ಎಂದು ಗಂಡನ ಕಡೆ ತೋರಿಸಿದರು. "ನಿಮ್ಮ ಕೈ ಬೇಕು."

ಅಂಗಿಯ ತೋಳು ಮಡಚಿ ಕೂತೆ. ಮೊದಲ ಸಲ ಸೂಜಿ ನರದ ಪಕ್ಕ ಹೋಯಿತು. ಎರಡನೆಯ ಸಲ ನರ ದಾಟಿಹೋಯಿತು, ಚರ್ಮದಡಿ ನೀಲಿ ಗಂಟು ಎದ್ದಿತು. ಪ್ರತಿ ಸಲವೂ ಹೊಸ ಸೂಜಿ, ಪ್ರತಿ ಸಲವೂ ಸ್ಪಿರಿಟ್ಟು. ಮೂರು, ನಾಲ್ಕು. ಅವರು ತುಟಿ ಕಚ್ಚಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಅದು ನೋವಿಗಲ್ಲ ಎಂದು ಹೇಳಲಾರೆ, ನೋವಿಗೂ ಬಂತು. ಐದನೆಯದೂ ತಪ್ಪಿದಾಗ ಅವರು ಸೂಜಿ ಕೆಳಗಿಟ್ಟು, ಎದ್ದುಹೋಗಿ, ನೀರು ಕುಡಿದು ಬಂದರು. "ಈ ಕೈ ಆಯ್ತು. ಆ ಕೈ ಕೊಡ್ರಿ" ಎಂದರು. ಕೊಟ್ಟೆ. ಆರನೆಯದೂ ತಪ್ಪಿತು.

ಏಳನೆಯ ಸಲ ಅವರು ಕಣ್ಣು ಮುಚ್ಚಿದರು. ಬಲಗೈಯ ಉಂಗುರಬೆರಳು ನನ್ನ ಮುಂಗೈಯ ಮೇಲೆ ಬಹಳ ಹೊತ್ತು ನಿಂತು, ಸ್ವಲ್ಪ ಸರಿದು, ಮತ್ತೆ ನಿಂತಿತು. ಆಮೇಲೆ ಏನೂ ಆಗಲಿಲ್ಲವೆನ್ನುವಷ್ಟು ಹಗುರಾಗಿ ಏನೋ ತಾಗಿತು. ಪುಟ್ಟ ಗಾಜಿನಲ್ಲಿ ಕೆಂಪು ಏರಿತು. ಬಾಗಿಲಲ್ಲಿ ನಿಂತಿದ್ದ ಸುಂದರರಾವ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಖಚಿತ ಮಾಡಿಕೊಳ್ಳಲು ಎಂಟನೆಯದನ್ನೂ ಹಾಕಿದರು. ಅದೂ ಸರಿಯಾಗಿ ಕೂತಿತು. ಹತ್ತಿ ಇಟ್ಟು, ಒತ್ತಿ ಹಿಡಿಯಲು ಹೇಳಿ, ಸೂಜಿಗಳನ್ನೆಲ್ಲ ಗಟ್ಟಿ ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡು ಬಂದು ಎದುರು ಕೂತರು. ಈಗ ನನ್ನ ಹೆಗಲು ತಟ್ಟುತ್ತಾರೆ ಎಂದು ನಾನು ನಿಜವಾಗಿಯೂ ಅಂದುಕೊಂಡಿದ್ದೆ.

"ಒಂದು ಮಾತು ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದರು. "ಇನ್ನ ಈ ಮನಿಗಿ ಬರಬ್ಯಾಡ್ರಿ."

ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ಅವರ ಮುಖ ನೋಡಿದೆ.

"ಸಿಟ್ಟು ಹೋಗಿಲ್ರಿ. ಹೋಗ್ತದ ಅಂತ ಹನ್ನೆರಡು ವಾರ ಹಾದಿ ನೋಡಿದೆ. ಪ್ರಾರ್ಥನಾನೂ ಮಾಡಿದೆ. ನೀವು ಆ ಮೂಲ್ಯಾಗ ಬಂದು ಕುಂತ್ರ ನನ್ನ ಕೈ ಬಿಗಿ ಹಿಡೀತದ. ಇವತ್ತು ಆರು ಸಲ ತಪ್ಪಿದ್ದು ಕೈಯಿಂದ ಅಲ್ಲ. ಏಳನೇದಕ್ಕ ಕಣ್ಣು ಮುಚ್ಚಿದ್ದು ನಿಮ್ಮ ಮುಖ ನೋಡಬಾರದಂತ. ನಾಳಿಯಿಂದ ಸಣ್ಣ ಕೂಸುಗಳ ಕೈ ಹಿಡೀಬೇಕು ನಾ. ಸಿಟ್ಟು ಇಟ್ಕೊಂಡು ಹಿಡೀಲಿಕ್ಕ ಆಗಂಗಿಲ್ಲ."

ನಾನು ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎಂಬ ಮಾತನ್ನು ಅಷ್ಟು ಭಾನುವಾರಗಳಲ್ಲಿ ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ ಎಂದು ಆಗ ಹೊಳೆಯಿತು. ಮೂಲೆಯಲ್ಲಿ ಕೂತರೆ ಸಾಕು ಎಂದುಕೊಂಡಿದ್ದೆ. ಅವತ್ತು ಹೇಳಿದೆ. "ಹೌದ್ರಿ, ನಿಮ್ಮದೇ ತಪ್ಪು" ಎಂದರು ಸಿಸ್ಟರ್. ಎದ್ದು ಗೇಟಿನವರೆಗೆ ಬಂದರು. ಆ ಮೊದಲು ಎಂದೂ ಗೇಟಿನವರೆಗೆ ಬಂದು ನನ್ನನ್ನು ಕಳಿಸಿದವರಲ್ಲ.

ಔರಾದಿನ ಬಸ್ಸಿನಲ್ಲಿ ಎರಡೂ ತೋಳಿಗೆ ಹತ್ತಿ ಅಂಟಿಸಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರು ಯಾವ ದವಾಖಾನೆ ಎಂದು ವಿಚಾರಿಸಿದರು. ಅಂಗಿಯ ತೋಳು ಇಳಿಸಿಕೊಂಡು ಕಿಟಕಿಯ ಕಡೆ ತಿರುಗಿದೆ.

ಮಂಗಳವಾರ ಮಧ್ಯಾಹ್ನ ಎರಡನೆಯ ಪಿರಿಯಡ್ಡಿನಲ್ಲಿ ಫೋನು ಬಂತು. ಸುಂದರರಾವ್. ಅವರು ನನಗೆ ಫೋನು ಮಾಡಿದ್ದು ಅದೊಂದೇ ಸಲ.

"ನಿನ್ನಿ ಮೇಟ್ರನ್ ಎದುರಿಗಿ ಹಾಕಿದಳ್ರಿ, ಮೂರು ಕೂಸಿಗಿ. ಮೂರೂ ಒಂದೇ ಸಲಕ್ಕ. ವಾರ್ಡೇ ಕೊಟ್ರು." ಅಂಗಡಿಯಲ್ಲಿ ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟ ಸದ್ದು ಕೇಳಿಸಿತು. "ಆಕಿ ಹೇಳು ಅಂದಿಲ್ರಿ. ನಾನೇ ಹೇಳ್ಲಾಕತ್ತೀನಿ."

ಅಷ್ಟು ಹೇಳಿ ಫೋನು ಇಟ್ಟರು. ಇದಾಗಿ ನಾಲ್ಕು ವರ್ಷವಾಯಿತು. ಬೀದರಿಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ, ಚಿದ್ರಿಯ ಕಡೆ ಹೋಗುವುದಿಲ್ಲ.